ವಿಶ್ವಭಾರತಿಯ ಅತಿಥಿವಿದ್ವಾಂಸರು, ಗೀತೋತ್ಸವಗಳು ಮತ್ತು ಕಲಾಪ್ರದರ್ಶನಗಳು

ವಿದ್ಯೆಯೆಂಬ ಧನವು ಕೊಟ್ಟಷ್ಟೂ ಬೆಳೆಯುವುದೆಂದು ಹಿರಿಯರು ಹೇಳುತ್ತ ಬಂದಿರುವರು. ಆದರೆ ಕೊಡಬೇಕೆಂದರೆ ಕೊಳ್ಳುವವರು ಬೇಕು. ಕೊಳ್ಳಬೇಕೆಂದರೆ ಕೊಡುವವರು ಬಾಗಿಲಿಗೆ ಬರಬೇಕು. ಊರ ಮಠಕ್ಕೆ ಪರಸ್ಥಳದ ಶಾಸ್ತ್ರಿಗಳೊಬ್ಬರು ಬಂದಿಳಿದರೆಂದರೆ ಆ ದಿನವು ಪಾಠಶಾಲೆಯ ವಿದ್ಯಾರ್ಥಿಗಳಿಗೆ ಹಬ್ಬವೇ ಸರಿ. ಹಗಲು ವಾಕ್ಯಾರ್ಥ, ಇರುಳು ಪುರಾಣಪ್ರವಚನ ಹಾಗೂ ಸಂಗೀತ. ಜಾತ್ರೆಯ ಕಾಲವಾಗಿದ್ದರೆ ದನಗಳ ಸಂತೆ, ನೇಯ್ಗೆಯವರ, ಕುಂಬಾರರ, ಬಡಿಗರ ಕೈಕೆಲಸದ ಅಂಗಡಿಗಳು. ಈಗಿನ ವಿಶ್ವವಿದ್ಯಾನಿಲಯಗಳಲ್ಲಿ ಸಂದರ್ಶಕ ಪ್ರಾಧ್ಯಾಪಕರು, ಸಂಗೀತಗೋಷ್ಠಿಗಳು, ಪ್ರದರ್ಶನಗಳು ಎಂದು ಹೊಸ ಹೆಸರುಗಳಿಂದ ಕರೆಯಲ್ಪಡುವುವು ಈ ಹಳೆಯ ಮೂರು ಸಂಗತಿಗಳೇ ಆಗಿರುತ್ತವೆ.

ಇವು ವಿದ್ಯಾಸಂಸ್ಥೆಗೆ ಬರಿಯ ಅಲಂಕಾರವೋ, ಅಥವಾ ಅದರ ಜೀವವೋ? ಬಂದ ಅತಿಥಿಯಿಂದ ಮನೆಯವನು ಕಲಿಯುವುದು ಹೇಗೆ? ಅತಿಥಿಯ ಮುಂದೆ ತನ್ನ ತನವನ್ನು ಉಳಿಸಿಕೊಳ್ಳುವುದು ಹೇಗೆ? ಇಷ್ಟೆಲ್ಲಕ್ಕೂ ತಗಲುವ ವೆಚ್ಚವನ್ನು ಯಾರು ಹೊರಬೇಕು? ಈ ಪ್ರಶ್ನೆಗಳಿಗೆ ಭರತಖಂಡದ ಒಂದು ಸಂಸ್ಥೆಯು ತನ್ನ ಬಾಳಿನಿಂದಲೇ ಉತ್ತರ ಕೊಟ್ಟಿರುವುದು. ಅದು ವಂಗದೇಶದ ಬೀರಭೂಮಿ ಜಿಲ್ಲೆಯ ಬೋಲಪುರದ ಬಳಿಯ ಶಾಂತಿನಿಕೇತನದಲ್ಲಿರುವ ವಿಶ್ವಭಾರತಿ.

ಆಶ್ರಮದಿಂದ ವಿಶ್ವಭಾರತಿಗೆ

ಮಹರ್ಷಿ ದೇವೇಂದ್ರನಾಥ ಠಾಕೂರರು 1863ರಲ್ಲಿ ಬೋಲಪುರದ ಸಮೀಪದ ಬರಡು ಬಯಲಿನಲ್ಲಿ, ಎರಡು ಸಪ್ತಪರ್ಣ ವೃಕ್ಷಗಳ ನೆರಳನ್ನು ಕಂಡು, ಧ್ಯಾನಕ್ಕೆ ತಕ್ಕ ತಾಣವೆಂದು 20 ಬಿಘಾ ಭೂಮಿಯನ್ನು ಪಡೆದರು. 1888ರಲ್ಲಿ ಅದನ್ನು ಧರ್ಮದತ್ತಿಯಾಗಿ ಬರೆದುಕೊಟ್ಟರು. 1891ರಲ್ಲಿ ಅಲ್ಲಿ ಉಪಾಸನಾಮಂದಿರವಾಯಿತು. 1894ರಿಂದ ಪೌಷಮಾಸದ ಮೇಳವು ನಡೆಯತೊಡಗಿತು. ಅವರ ಮಗ ರವೀಂದ್ರನಾಥರು 1901ನೆಯ ಡಿಸೆಂಬರ್ 22ರಂದು, ಅಂದರೆ ಪೌಷ 7ರಂದು, ಬೆರಳೆಣಿಕೆಯ ಬಾಲಕರನ್ನು ಕೂಡಿಸಿಕೊಂಡು ಬ್ರಹ್ಮಚರ್ಯಾಶ್ರಮವನ್ನು ತೆರೆದರು. ಮರದ ನೆರಳೇ ಪಾಠಶಾಲೆ, ನೆಲವೇ ಆಸನ. ಮರುವರ್ಷವೇ ಹೋರಿ ಎಂಬ ಜಪಾನೀ ತರುಣನು ಸಂಸ್ಕೃತವನ್ನು ಕಲಿಯಲು ಅಲ್ಲಿಗೆ ಬಂದನು. ಹೀಗೆ ಹೊರನಾಡಿನ ಮೊದಲನೆಯ ಅತಿಥಿಯು ಬಂದದ್ದು ಬೋಧಿಸಲಿಕ್ಕಲ್ಲ, ಕಲಿಯಲಿಕ್ಕೆಂಬುದು ನೆನಪಿನಲ್ಲಿಡತಕ್ಕ ಮಾತು.

ಆ ಆಶ್ರಮದ ಅಧ್ಯಾಪಕರಲ್ಲಿ ವಿಧುಶೇಖರ ಶಾಸ್ತ್ರಿಗಳೆಂಬ ಪಂಡಿತರಿದ್ದರು. ಕಾಶಿಯಲ್ಲಿ ಸಾಂಪ್ರದಾಯಿಕ ಕ್ರಮದಿಂದ ಶಾಸ್ತ್ರಾಧ್ಯಯನ ಮಾಡಿದವರು, ಆಚಾರದಲ್ಲಿ ನಿಷ್ಠರು. ತಮ್ಮ ಹುಟ್ಟೂರಿನಲ್ಲಿ ಒಂದು ಸಂಸ್ಕೃತ ಪಾಠಶಾಲೆಯನ್ನು ತೆರೆದು, ಹಳೆಯ ವಿದ್ಯೆಯನ್ನು ಹೊಸ ಕಾಲಕ್ಕೆ ತಕ್ಕಂತೆ ವಿಸ್ತರಿಸಬೇಕೆಂಬ ಹಂಬಲದಿಂದ ಅವರು ಒಮ್ಮೆ ಆಶ್ರಮವನ್ನು ಬಿಟ್ಟು ಹೊರಟುಹೋದರು. ಅವರ ಸಂಕಲ್ಪವು ಅಲ್ಲಿ ಕೈಗೂಡಲಿಲ್ಲ. ಆಗ ರವೀಂದ್ರನಾಥರು ಅವರನ್ನು ಮರಳಿ ಕರೆಯಿಸಿ, ಆ ಕಾರ್ಯವನ್ನು ಶಾಂತಿನಿಕೇತನದಲ್ಲಿಯೇ ನಡೆಸುವಂತೆ ಅನುಕೂಲ ಮಾಡಿಕೊಟ್ಟರು. ವಿಶ್ವಭಾರತಿಯ ಬೀಜವು ಇಲ್ಲಿಯೇ ಇದ್ದಿತೆಂದು ರವೀಂದ್ರನಾಥರೇ ಮುಂದೆ ಒಪ್ಪಿಕೊಂಡಿರುವರು. ಜಗತ್ತನ್ನೇ ಆಮಂತ್ರಿಸಿದ ಈ ಮಹಾಸಂಸ್ಥೆಯು ಹಳ್ಳಿಯ ಪಂಡಿತನೊಬ್ಬನ ನೆರವೇರದ ಪಾಠಶಾಲೆಯಿಂದ ಮೊಳೆಯಿತೆಂಬುದು ಚರಿತ್ರೆಯ ಒಂದು ಸೋಜಿಗ.

1918ನೆಯ ಡಿಸೆಂಬರಿನಲ್ಲಿ ವಿಶ್ವಭಾರತಿಗೆ ಅಸ್ತಿಭಾರವಾಯಿತು. 1919ರಲ್ಲಿ ಪಾಠಗಳು ಮೊದಲಾದವು. 1921ನೆಯ ಡಿಸೆಂಬರ್ 23ರಂದು ಮಾವಿನ ತೋಪಿನಲ್ಲಿ ನೆರೆದ ಸಭೆಯಲ್ಲಿ ಸಂಸ್ಥೆಯು ಲೋಕಕ್ಕೆ ಸಮರ್ಪಿತವಾಯಿತು. ವಿಶ್ವವು ಒಂದೇ ಗೂಡಾಗುವ ಎಡೆಯೆಂಬ ಅರ್ಥದ ವೇದವಾಕ್ಯವನ್ನು ಅದು ತನ್ನ ಧ್ಯೇಯವಾಗಿ ತಳೆಯಿತು. ಆ ಸಭೆಯ ಅಧ್ಯಕ್ಷಪೀಠದಲ್ಲಿ ಕುಳಿತಿದ್ದವರು ಬ್ರಜೇಂದ್ರನಾಥ ಶೀಲರು. ಆಗ ಅವರು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರೆಂಬುದು ಕನ್ನಡಿಗರು ಅಭಿಮಾನದಿಂದ ಸ್ಮರಿಸತಕ್ಕ ಸಂಗತಿ. ಮುಂದೆ 1928ರಲ್ಲಿ ರವೀಂದ್ರನಾಥರು ಬೆಂಗಳೂರಿಗೆ ಬಂದು ಇದೇ ಶೀಲರ ಆತಿಥ್ಯದಲ್ಲಿದ್ದಾಗಲೇ ತಮ್ಮ 'ಶೇಷೇರ್ ಕವಿತಾ' ಎಂಬ ಕಾದಂಬರಿಯನ್ನು ಪೂರ್ತಿಗೊಳಿಸಿದರು.

ಪರದೇಶದ ಪಂಡಿತರು

ಸಂಸ್ಥೆಯ ಮೊದಲನೆಯ ಅತಿಥಿ ಪ್ರಾಧ್ಯಾಪಕರು ಪ್ಯಾರಿಸ್ಸಿನ ಸಿಲ್ವಾಂ ಲೆವಿಯವರು. 1921ನೆಯ ನವೆಂಬರಿನಲ್ಲಿ ಅವರು ಪತ್ನೀಸಮೇತರಾಗಿ ಶಾಂತಿನಿಕೇತನಕ್ಕೆ ಬಂದಿಳಿದರು. ಸಂಸ್ಕೃತ, ಚೀನೀ, ಟಿಬೆಟೀ ಭಾಷೆಗಳಲ್ಲಿ ಅವರಿಗಿದ್ದ ಪಾಂಡಿತ್ಯವು ಜಗತ್ಪ್ರಸಿದ್ಧವಾಗಿದ್ದಿತು. ಅಂಥವರು ಮಾವಿನ ನೆರಳಿನ ಆ ಕಿರಿಯ ಸಂಸ್ಥೆಯಲ್ಲಿ ಚೀನೀ ಹಾಗೂ ಟಿಬೆಟೀ ಭಾಷೆಗಳ ಪಾಠಕ್ಕೆ ಪ್ರಾರಂಭಮಾಡಿದರು.

ಈ ಎರಡು ಭಾಷೆಗಳು ಭಾರತೀಯ ಪಂಡಿತರಿಗೆ ಏಕೆ ಬೇಕೆಂದು ಶಂಕೆ ಹುಟ್ಟಬಹುದು. ಬೌದ್ಧರ ಅನೇಕ ಸಂಸ್ಕೃತ ಶಾಸ್ತ್ರಗ್ರಂಥಗಳು ಅವು ಹುಟ್ಟಿದ ದೇಶದಲ್ಲಿಯೇ ನಷ್ಟವಾಗಿ ಹೋಗಿದ್ದುವು. ಆದರೆ ಶತಮಾನಗಳ ಹಿಂದೆ ಹಿಮಾಲಯದ ಆಚೆಗೆ ಹೋದ ಪ್ರತಿಗಳಿಂದ ಮಾಡಲ್ಪಟ್ಟ ಟಿಬೆಟೀ, ಚೀನೀ ಭಾಷಾಂತರಗಳು ಉಳಿದುಕೊಂಡಿದ್ದುವು. ಟಿಬೆಟೀ ಭಾಷಾಂತರಕಾರರಂತೂ ಸಂಸ್ಕೃತದ ಪದಪದವನ್ನೂ ಎಷ್ಟು ನಿಯಮದಿಂದ ಅನುಸರಿಸಿರುವರೆಂದರೆ, ಎರಡೂ ಬಲ್ಲವನು ಭಾಷಾಂತರದಿಂದ ಮೂಲದ ರೂಪವನ್ನು ಬಹುಮಟ್ಟಿಗೆ ಊಹಿಸಿ ಮತ್ತೆ ಕಟ್ಟಬಹುದು. ಮನೆಯಲ್ಲಿ ಕಳೆದುಹೋದ ಒಡವೆಯ ಅಚ್ಚು ನೆರೆಮನೆಯಲ್ಲಿ ಉಳಿದಂತೆ ಇದು. ಆ ಅಚ್ಚನ್ನು ಓದುವ ಬಗೆಯನ್ನು ಕಲಿಸಲೆಂದೇ ಲೆವಿಯವರು ಬಂದರು.

ಅವರ ಮುಂದೆ ಶಿಷ್ಯರಾಗಿ ಕುಳಿತವರಲ್ಲಿ ವಿಧುಶೇಖರ ಶಾಸ್ತ್ರಿಗಳೂ ಒಬ್ಬರು. ನಡುವಯಸ್ಸಿನ ಪಂಡಿತರು, ತಾವೇ ಗುರುಗಳೆನಿಸಿದವರು, ಸಂಕೋಚಪಡದೆ ಹೊಸ ಲಿಪಿಯ ಅಕ್ಷರಗಳನ್ನು ತಿದ್ದಿದರು. ಇದರ ಫಲವು ಬರಿಯ ಕುತೂಹಲದಲ್ಲಿ ಮುಗಿಯಲಿಲ್ಲ. ಆರ್ಯದೇವನ 'ಚತುಃಶತಕ'ದ ಸಂಸ್ಕೃತ ಮೂಲವು ತುಣುಕುತುಣುಕಾಗಿ ಮಾತ್ರ ದೊರೆತಿದ್ದಿತು. ಶಾಸ್ತ್ರಿಗಳು ಟಿಬೆಟೀ ಪಾಠದ ನೆರವಿನಿಂದ ಅದರ ಲುಪ್ತಭಾಗಗಳನ್ನು ಸಂಸ್ಕೃತದಲ್ಲಿ ಪುನಃ ರಚಿಸಿ 1931ರಲ್ಲಿ ವಿಶ್ವಭಾರತಿಯಿಂದ ಪ್ರಕಟಿಸಿದರು. ಕಾಶಿಯ ವ್ಯಾಕರಣಶಿಕ್ಷಣವಿಲ್ಲದವನಿಂದ ಈ ಕಾರ್ಯವು ಆಗುತ್ತಿರಲಿಲ್ಲ. ಪ್ಯಾರಿಸ್ಸಿನ ಅತಿಥಿಯು ಬಾರದಿದ್ದರೂ ಆಗುತ್ತಿರಲಿಲ್ಲ. ಕಲ್ಕತ್ತೆಯಿಂದ ಲೆವಿಯವರಲ್ಲಿ ಕಲಿಯಲು ಬಂದ ಪ್ರಬೋಧಚಂದ್ರ ಬಾಗ್ಚಿಯವರು ಮುಂದೆ ಭಾರತ-ಚೀನಗಳ ಸಂಬಂಧದ ವಿಷಯದಲ್ಲಿ ಮೇರುವಿದ್ವಾಂಸರೆನಿಸಿ, 1954ರಲ್ಲಿ ವಿಶ್ವಭಾರತಿಯ ಉಪಾಚಾರ್ಯರೇ ಆದರು. ಒಬ್ಬ ಅತಿಥಿಯು ಕೆಲವು ತಿಂಗಳು ಇದ್ದು ಹೋದುದರ ಫಲವು ಮೂರು ದಶಕಗಳ ಮೇಲೂ ಕೈಗೆ ಬರುತ್ತಿದ್ದಿತು.

ಲೆವಿಯವರ ಬೆನ್ನಹಿಂದೆ ಮತ್ತೆ ಹಲವರು ಬಂದರು. ಪ್ರಾಹಾದ ಜರ್ಮನ್ ವಿಶ್ವವಿದ್ಯಾನಿಲಯದ ಮೋರಿಟ್ಸ್ ವಿಂಟರ್ನಿಟ್ಸ್ ಅವರು 1923ರಲ್ಲಿ ಅಲ್ಲಿ ಬೋಧಿಸಿದರು. ಭಾರತೀಯ ಸಾಹಿತ್ಯದ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಬರೆದವರು ಇವರೇ. ಮಹಾಭಾರತದ ಶುದ್ಧಪಾಠವು ಸಿದ್ಧವಾಗಬೇಕೆಂದು 19ನೆಯ ಶತಮಾನದ ಕೊನೆಯಿಂದಲೂ ವಾದಿಸುತ್ತ ಬಂದವರು. ಅದೇ ಊರಿನ ಚೆಕ್ ವಿಶ್ವವಿದ್ಯಾನಿಲಯದ ವಿನ್ಸೆಂತ್ಸ್ ಲೆಸ್ನಿಯವರು ಬಂಗಾಲೀ ಭಾಷೆಯನ್ನು ಕಲಿತು, ರವೀಂದ್ರನಾಥರ ಕೃತಿಗಳನ್ನು ಇಂಗ್ಲೀಷಿನ ಹಂಗಿಲ್ಲದೆ ಮೂಲದಿಂದಲೇ ತಮ್ಮ ಭಾಷೆಗೆ ತಂದರು. ನಾರ್ವೆ ದೇಶದಿಂದ ಸ್ಟೆನ್ ಕೊನೋ ಅವರು ಬಂದರು. ಇಸ್ಲಾಮೀ ಸಂಸ್ಕೃತಿಯ ಅಧ್ಯಯನಕ್ಕಾಗಿ ಹೈದರಾಬಾದಿನ ನಿಜಾಮರು ಒಂದು ಲಕ್ಷ ರೂಪಾಯಿಗಳನ್ನು ಕೊಡಲಾಗಿ, ಹಂಗೇರಿಯ ಗ್ಯೂಲಾ ಗೆರ್ಮಾನುಸ್ ಅವರು 1929ರಲ್ಲಿ ಆ ಪೀಠಕ್ಕೆ ಬಂದರು. 1928ರಲ್ಲಿ ಬಂದ ಚೀನದೇಶದ ತಾನ್ ಯುನ್-ಶಾನ್ ಅವರಾದರೋ ಅತಿಥಿಯಾಗಿ ಬಂದು ಮನೆಯವರೇ ಆದರು. ಅವರು ದೇಶದೇಶಗಳನ್ನು ತಿರುಗಿ ದ್ರವ್ಯವನ್ನೂ ಗ್ರಂಥಗಳನ್ನೂ ಕೂಡಿಸಿದುದರಿಂದ 1937ನೆಯ ಏಪ್ರಿಲ್ 14ರಂದು, ಬಂಗಾಲೀ ಹೊಸವರ್ಷದ ದಿನ, ಚೀನಾಭವನವು ತೆರೆಯಲ್ಪಟ್ಟಿತು.

ಆತಿಥ್ಯದ ಒರೆಗಲ್ಲು

ಅತಿಥಿಸತ್ಕಾರದ ಕಥೆಯೆಲ್ಲ ಹೀಗೆ ಸುಖವಾಗಿಯೇ ನಡೆಯಿತೆಂದು ಬಗೆಯಬಾರದು. 1925ನೆಯ ನವೆಂಬರಿನಲ್ಲಿ ಇಟಲಿಯಿಂದ ಕಾರ್ಲೋ ಫಾರ್ಮಿಕಿ, ಜುಸೆಪ್ಪೆ ತೂಚ್ಚಿ ಎಂಬ ಇಬ್ಬರು ಸಂಸ್ಕೃತಜ್ಞರು ಬಂದರು. ಅವರ ಮೂಲಕ ಇಟಲಿಯ ಅಧಿಕಾರಿ ಮುಸೊಲಿನಿಯು ಅಮೂಲ್ಯವಾದ ಇಟಾಲಿಯನ್ ಗ್ರಂಥಗಳ ರಾಶಿಯನ್ನೇ ಕಾಣಿಕೆಯಾಗಿ ಕಳುಹಿಸಿದನು. ತೂಚ್ಚಿಯವರ ವಿದ್ವತ್ತು ಅಪಾರವಾದದ್ದು. ಸಂಸ್ಕೃತ, ಚೀನೀ, ಟಿಬೆಟೀ ಮೂರನ್ನೂ ಬಲ್ಲ ಆ ತರುಣ ಪಂಡಿತರು ಮುಂದೆ ಟಿಬೆಟ್ಟಿನ ವಿಷಯದಲ್ಲಿ ಅದ್ವಿತೀಯರೆನಿಸಿದರು.

1926ರಲ್ಲಿ ರವೀಂದ್ರನಾಥರು ಇಟಲಿಗೆ ಆಮಂತ್ರಿತರಾಗಿ ಹೋದರು. ಅಲ್ಲಿನ ಸತ್ಕಾರವು ರಾಜೋಚಿತವಾಗಿದ್ದಿತು. ಆದರೆ ಪತ್ರಿಕೆಗಳು ಕವಿಯ ಮಾತುಗಳನ್ನು ತಿರುಚಿ, ಅವರು ಆ ಸರ್ವಾಧಿಕಾರವನ್ನೇ ಹೊಗಳಿದರೆಂಬಂತೆ ಸಾರಿದುವು. ಸ್ವಿಟ್ಸರ್ಲೆಂಡಿನಲ್ಲಿ ರೊಮಾಂ ರೊಲಾಂಡರನ್ನೂ, ಮುಸೊಲಿನಿಯ ಕಾಟದಿಂದ ದೇಶಬಿಟ್ಟು ಬಂದವರನ್ನೂ ಕಂಡ ಮೇಲೆ ಕವಿಗೆ ನಿಜಸ್ಥಿತಿಯು ಅರಿವಾಯಿತು. ಆಗ ಅವರ ಮುಂದೆ ಕಠಿಣವಾದ ಪ್ರಶ್ನೆಯೊಂದು ನಿಂತಿತು. ಸುಮ್ಮನಿದ್ದರೆ ದಾತನ ಸ್ನೇಹವೂ ಪಂಡಿತರ ಸಹವಾಸವೂ ಉಳಿಯುವುದು. ಮಾತನಾಡಿದರೆ ಎರಡೂ ಹೋಗುವುದು. ಸಂಸ್ಥೆಯೋ ಬಡತನದಲ್ಲಿದ್ದಿತು. ಕವಿಯು ಮಾತನಾಡಿದರು. 1926ನೆಯ ಆಗಸ್ಟಿನಲ್ಲಿ 'ಮ್ಯಾಂಚೆಸ್ಟರ್ ಗಾರ್ಡಿಯನ್' ಪತ್ರಿಕೆಯಲ್ಲಿ ಪ್ರಕಟವಾದ ಪತ್ರದಲ್ಲಿ ಅವರು ಆ ಪ್ರಭುತ್ವದ ಹಿಂಸಾನೀತಿಯನ್ನು ಖಂಡಿಸಿದರು. ಸಂಬಂಧವು ಕಡಿದುಹೋಯಿತು, ತೂಚ್ಚಿಯವರು ಶಾಂತಿನಿಕೇತನವನ್ನು ಬಿಡಬೇಕಾಯಿತು.

ನಷ್ಟವು ದೊಡ್ಡದು, ನಿಜ. ಕಲಿಯುವವರು ಯೋಗ್ಯ ಗುರುವನ್ನು ಕಳೆದುಕೊಂಡರು. ಆ ಗುರುವಾದರೂ ತನ್ನ ತಪ್ಪಿಲ್ಲದೆ ಶಿಷ್ಯರನ್ನು ಅಗಲಿದನು. ಆದರೆ ಕಾಣಿಕೆಯನ್ನು ಕೈಯಲ್ಲಿ ಹಿಡಿದು ನಾಲಿಗೆಯನ್ನು ಒತ್ತೆಯಿಡುವ ಸಂಸ್ಥೆಗೆ ಪಂಡಿತರು ಬಂದರೇನು, ಬಿಟ್ಟರೇನು? ಆತಿಥ್ಯವೆಂದರೆ ಬಾಗಿಲನ್ನು ತೆರೆದಿಡುವುದು, ಮನೆಯನ್ನು ಮಾರುವುದಲ್ಲ. ಈ ವಿವೇಕವನ್ನು ವಿಶ್ವಭಾರತಿಯು ಬೆಲೆ ತೆತ್ತು ಕಲಿಯಿತು.

ಗೀತ ಮತ್ತು ನೃತ್ಯ

ಶಾಂತಿನಿಕೇತನದಲ್ಲಿ ಸಂಗೀತವು ಪಾಠದ ನಡುವಣ ವಿರಾಮವಾಗಿರದೆ ಪಾಠವೇ ಆಗಿದ್ದಿತು. ಮಳೆ ಬಂದಾಗ ವರ್ಷಾಮಂಗಲ, ಚೈತ್ರದ ಹೊಸ್ತಿಲಲ್ಲಿ ವಸಂತೋತ್ಸವ, ಪೌಷದಲ್ಲಿ ಮೇಳ. ಹೀಗೆ ಋತುಚಕ್ರವೇ ಗೀತಚಕ್ರವಾಯಿತು. ರವೀಂದ್ರನಾಥರ ಹಾಡುಗಳನ್ನು ಕಂಠದಲ್ಲಿ ಹೊತ್ತು, ಸ್ವರಲಿಪಿಯಲ್ಲಿ ಬರೆದಿಟ್ಟು ಉಳಿಸಿದವರಲ್ಲಿ ದಿನೇಂದ್ರನಾಥ ಠಾಕೂರರು ಅಗ್ರಗಣ್ಯರು. ಮಹಾರಾಷ್ಟ್ರದ ಭೀಮರಾವ್ ಶಾಸ್ತ್ರಿಗಳು ಹಿಂದೂಸ್ಥಾನೀ ಗಾಯನವನ್ನು ಕಲಿಸಿದರು. ವಂಗದೇಶದ ಈ ಗೀತಪ್ರಪಂಚಕ್ಕೆ ಕನ್ನಡನಾಡಿನ ಋಣವೂ ಉಂಟು. ಕವಿಯ ಸೋದರಿಯ ಮಗಳಾದ ಸರಳಾದೇವಿಯವರು ಮೈಸೂರಿನ ಮಹಾರಾಣಿಯವರ ಬಾಲಿಕಾಪಾಠಶಾಲೆಯಲ್ಲಿ ಕೆಲಕಾಲ ಕೆಲಸಮಾಡಿದವರು. ಅವರು ಹೊತ್ತುಕೊಂಡು ಹೋದ ಧಾಟಿಗಳು ಕವಿಯ ಕಿವಿಗೆ ಬಿದ್ದುವು. ಕನ್ನಡದ, ಮೈಸೂರು ಭಜನೆಯ ಮಟ್ಟುಗಳ ಮೇಲೆ ರಚಿತವಾದ ಬಂಗಾಲೀ ಗೀತಗಳು ಇಂದಿಗೂ ಹಾಡಲ್ಪಡುತ್ತಿವೆ.

1919ರಲ್ಲಿ ಸಿಲ್ಹೆಟ್ಟಿನ ಬಳಿ ಮಣಿಪುರೀ ನೃತ್ಯವನ್ನು ಕಂಡು ಮೆಚ್ಚಿದ ಕವಿಯು, ಅದನ್ನು ಕಲಿಸುವ ಗುರುಗಳನ್ನು ತ್ರಿಪುರಾದ ಅರಸರ ನೆರವಿನಿಂದ ಶಾಂತಿನಿಕೇತನಕ್ಕೆ ಕರೆಯಿಸಿಕೊಂಡರು. ಆ ಕಾಲದಲ್ಲಿ ಮಾನವಂತರ ಮನೆಯ ಹೆಣ್ಣುಮಕ್ಕಳು ರಂಗಸ್ಥಲದಲ್ಲಿ ಕುಣಿಯುವುದೆಂದರೆ ಲೋಕಾಪವಾದಕ್ಕೆ ಗುರಿಯಾದಂತೆಯೇ. 1926ರಲ್ಲಿ ರಚಿತವಾದ 'ನಟೀರ್ ಪೂಜಾ' ನಾಟಕದಲ್ಲಿ ಬುದ್ಧಭಕ್ತೆಯಾದ ನರ್ತಕಿಯು ಪ್ರಾಣವನ್ನೇ ಒಪ್ಪಿಸಿ ನೃತ್ಯದಿಂದ ಪೂಜಿಸುವಳು. ಆ ಪಾತ್ರವನ್ನು ಚಿತ್ರಕಾರ ನಂದಲಾಲ ಬಸು ಅವರ ಮಗಳು ಗೌರಿಯು ವಹಿಸಿದಳು. ನಾಟಕವು ಕಲ್ಕತ್ತೆಯಲ್ಲಿ ಆಡಲ್ಪಟ್ಟಾಗ, ನಿಂದೆಯ ಕಣ್ಣು ಬಾಲಿಕೆಯರ ಮೇಲೆ ಬೀಳದಿರಲೆಂದು ವೃದ್ಧ ಕವಿಯು ತಾನೇ ಭಿಕ್ಷುವೊಬ್ಬನ ಪಾತ್ರವನ್ನು ಧರಿಸಿ ರಂಗದ ಮೇಲೆ ನಿಂತರು. ನೃತ್ಯವು ಪೂಜೆಯಾಗಬಲ್ಲುದೆಂಬುದನ್ನು ಸಭೆಯು ಕಣ್ಣಾರೆ ಕಂಡಿತು.

1925ರಲ್ಲಿ ಬಂದ ಡಚ್ ದೇಶದ ಆರ್ನಾಲ್ಡ್ ಬಾಕೆಯವರು ಸಂಗೀತದ ಅತಿಥಿಗಳಲ್ಲಿ ಗಣ್ಯರು. ದಾಮೋದರನ 'ಸಂಗೀತದರ್ಪಣ'ವನ್ನು ವ್ಯಾಸಂಗಮಾಡಲು ಬಂದ ಅವರು ಗ್ರಂಥದಿಂದ ತೃಪ್ತರಾಗದೆ ಹಾಡಲು ಕಲಿತರು. ರವೀಂದ್ರನಾಥರ 26 ಗೀತಗಳನ್ನು ಐರೋಪ್ಯ ಸ್ವರಲಿಪಿಗಿಳಿಸಿ 1935ರಲ್ಲಿ ಪ್ಯಾರಿಸ್ಸಿನಿಂದ ಪ್ರಕಟಿಸಿದರು. 1938ರಲ್ಲಿ ದಕ್ಷಿಣದೇಶವನ್ನು ಸಂಚರಿಸಿ, ಕನ್ನಡನಾಡಿನ ಜನಪದ ಸಂಗೀತವನ್ನೂ ಧ್ವನಿಮುದ್ರಿಸಿಕೊಂಡರು. 1984ರಲ್ಲಿ ವಿದ್ವಾಂಸರು ಆ ಮುದ್ರಿಕೆಗಳನ್ನು ಹಿಡಿದು ಅವೇ ಊರುಗಳಿಗೆ ಹೋಗಿ, ಏನು ಉಳಿದಿದೆ, ಏನು ಅಳಿದಿದೆಯೆಂದು ಪರೀಕ್ಷಿಸಿದರು.

ಪ್ರದರ್ಶನಗಳು

1919ರಲ್ಲಿ ಆರಂಭವಾದ ಕಲಾಭವನಕ್ಕೆ ನಂದಲಾಲ ಬಸು ಅವರು ಕುಲಗುರುಗಳಂತಿದ್ದರು. ಅವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿಯುವಾಗ, ಮೈಸೂರಿನ ಕೆ. ವೆಂಕಟಪ್ಪನವರು ಅವರ ಸಹಪಾಠಿಗಳಾಗಿದ್ದರು. ವಿಯೆನ್ನಾದಲ್ಲಿ ಕಲಿತ ಸ್ಟೆಲ್ಲಾ ಕ್ರಾಮ್ರಿಶ್ ಅವರು ಶಾಂತಿನಿಕೇತನಕ್ಕೆ ಬಂದು ಐರೋಪ್ಯ ಕಲೆಯ ಚರಿತ್ರೆಯನ್ನು ಬೋಧಿಸಿದರು. 1922ನೆಯ ಡಿಸೆಂಬರಿನಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯ ಚಿತ್ರಗಳು ಕಲ್ಕತ್ತೆಯಲ್ಲಿ ಪ್ರದರ್ಶಿಸಲ್ಪಟ್ಟಾಗ ಅವರ ಪ್ರಯತ್ನವು ಅದರಲ್ಲಿ ಮುಖ್ಯವಾಗಿದ್ದಿತು. 1939ರಲ್ಲಿ ಚೀನದ ಮಹಾಚಿತ್ರಕಾರ ಶೂ ಬೈಹೋಂಗ್ ಅವರು ಬಂದು ತಮ್ಮ ಚಿತ್ರಗಳ ಪ್ರದರ್ಶನವನ್ನು ಶಾಂತಿನಿಕೇತನದಲ್ಲಿ ನಡೆಸಿದರು. ಅವರ ದೇಶವು ಆಗ ಯುದ್ಧದ ಬೆಂಕಿಯಲ್ಲಿ ಬೇಯುತ್ತಿದ್ದಿತು. ಬೆಟ್ಟವನ್ನೇ ಅಗೆದು ಸರಿಸಹೊರಟ ಮುದುಕನ ಪುರಾತನ ಚೀನೀ ಕಥೆಯನ್ನು ಅವರು 1940ರಲ್ಲಿ ಈ ದೇಶದಲ್ಲಿದ್ದುಕೊಂಡೇ ಚಿತ್ರಿಸಿದರು. ಗುದ್ದಲಿ ಹಿಡಿದ ಆಳುಗಳಿಗೆ ಭಾರತೀಯರೇ ಮಾದರಿಯಾದರು.

ಪ್ರದರ್ಶನವೆಂದರೆ ಧನಿಕರ ಗೋಡೆಯ ಚಿತ್ರಗಳೆಂದು ನಂದಲಾಲರು ತಿಳಿದವರಲ್ಲ. 1938ರ ಹರಿಪುರಾ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿಯವರ ಅಪೇಕ್ಷೆಯಂತೆ 80ಕ್ಕೂ ಮಿಕ್ಕಿದ ಫಲಕಗಳನ್ನು ಬರೆದರು. ಉಳುವವನು, ಬೀಸುವವಳು, ಕಮ್ಮಾರ, ಚಮ್ಮಾರ, ವಾದ್ಯಗಾರ ಇವರೇ ಅವುಗಳ ನಾಯಕರು. ಇದರಂತೆಯೇ 1922ನೆಯ ಫೆಬ್ರುವರಿ 6ರಂದು ಎಲ್ಮ್‌ಹರ್ಸ್ಟ್ ಎಂಬ ಆಂಗ್ಲ ಕೃಷಿಪಂಡಿತರ ನೇತೃತ್ವದಲ್ಲಿ ಆರಂಭವಾದ ಶ್ರೀನಿಕೇತನದ ವಾರ್ಷಿಕೋತ್ಸವದಲ್ಲಿ ಸುತ್ತಣ ಹಳ್ಳಿಗಳ ಬೆಳೆ, ಕಾಯಿಪಲ್ಯ, ಕೈಕೆಲಸಗಳು ಪ್ರದರ್ಶಿತವಾಗುತ್ತ ಬಂದುವು. ಪ್ಯಾರಿಸ್ಸಿನ ಪಂಡಿತನಿಗೆ ತೆರೆದ ಬಾಗಿಲು ನೆರೆಯ ಹಳ್ಳಿಯ ರೈತನಿಗೆ ಮುಚ್ಚಿರಕೂಡದೆಂಬುದೇ ಇದರ ತಾತ್ಪರ್ಯ.

ವೆಚ್ಚದ ಭಾರ

ಇಷ್ಟೆಲ್ಲಕ್ಕೂ ದ್ರವ್ಯವೆಲ್ಲಿಂದ ಬಂದಿತು? 1913ರ ನೊಬೆಲ್ ಪಾರಿತೋಷಕದ ಧನವನ್ನೂ ತಮ್ಮ ಬಂಗಾಲೀ ಗ್ರಂಥಗಳ ಉತ್ಪನ್ನವನ್ನೂ ಕವಿಯು ಸಂಸ್ಥೆಗೆ ಧಾರೆಯೆರೆದರು, ಸಾಲಲಿಲ್ಲ. ದೇಶದೇಶಗಳಲ್ಲಿ ಉಪನ್ಯಾಸ ಕೊಟ್ಟರು, ಸಾಲಲಿಲ್ಲ. ಕೊನೆಗೆ 75ನೆಯ ವಯಸ್ಸಿನಲ್ಲಿ, ಶರೀರವು ಬಳಲಿದ್ದಾಗ, 'ಚಿತ್ರಾಂಗದಾ' ನೃತ್ಯನಾಟಕದ ಮೇಳವನ್ನು ಕಟ್ಟಿಕೊಂಡು ಉತ್ತರದೇಶದ ಪಟ್ಟಣಗಳನ್ನು ತಿರುಗಿದರು. 1936ನೆಯ ಮಾರ್ಚಿಯಲ್ಲಿ ದಿಲ್ಲಿಯಲ್ಲಿ ಇದನ್ನರಿತ ಗಾಂಧೀಜಿಯವರು ಮನನೊಂದು, 60,000 ರೂಪಾಯಿಗಳನ್ನು ದಾತರಿಂದ ಒದಗಿಸಿಕೊಟ್ಟು, ಈ ವಯಸ್ಸಿನಲ್ಲಿ ಇಂಥ ತಿರುಗಾಟ ಬೇಡವೆಂದು ಬೇಡಿಕೊಂಡರು. ವಿದ್ಯೆಯ ಜೋಳಿಗೆಯನ್ನು ಹೊತ್ತು ಊರೂರು ತಿರುಗಿದವರ ಕಷ್ಟವನ್ನು ಬಲ್ಲವರಿಗೆ ಈ ಸಂಗತಿಯ ಭಾರವನ್ನು ಬಿಡಿಸಿ ಹೇಳಬೇಕಾದುದಿಲ್ಲ.

1940ನೆಯ ಆಗಸ್ಟ್ 7ರಂದು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವು ತನ್ನ ಪ್ರತಿನಿಧಿಗಳನ್ನು ಶಾಂತಿನಿಕೇತನಕ್ಕೇ ಕಳುಹಿಸಿ ಕವಿಗೆ ಡಾಕ್ಟರ್ ಪದವಿಯನ್ನು ಅರ್ಪಿಸಿತು. ಬಂದವರು ಸರ್ ಮಾರಿಸ್ ಗ್ವಾಯರ್ ಮತ್ತು ಸರ್ವಪಲ್ಲಿ ರಾಧಾಕೃಷ್ಣನ್. ಇವರಲ್ಲಿ ಎರಡನೆಯವರು 1918ರಿಂದ 1921ರ ವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದವರು. ಕವಿಯು ಸಂಸ್ಕೃತದಲ್ಲಿ ಉತ್ತರವಿತ್ತರು. ಜಗತ್ತನ್ನು ಮನೆಗೆ ಕರೆದವನು ತನ್ನ ಮನೆಯ ಮಾತಿನಲ್ಲಿಯೇ ಜಗತ್ತಿಗೆ ವಂದಿಸಿದನು. ಸರಿಯಾಗಿ ಒಂದು ವರ್ಷಕ್ಕೆ, 1941ನೆಯ ಆಗಸ್ಟ್ 7ರಂದು, ಅವರು ದೇಹಬಿಟ್ಟರು.

ಸ್ಥಾಪಕನು ಹೋದ ಮೇಲೆ ಸಂಸ್ಥೆಯು ಉಳಿಯುವುದೇ ಎಂಬ ಭಯವು ಸಹಜವಾಗಿದ್ದಿತು. 1951ರಲ್ಲಿ ಪಾರ್ಲಿಮೆಂಟಿನ ಶಾಸನದಿಂದ ವಿಶ್ವಭಾರತಿಯು ಕೇಂದ್ರ ವಿಶ್ವವಿದ್ಯಾನಿಲಯವಾಯಿತು. ಇದರಿಂದ ಅನ್ನದ ಚಿಂತೆಯು ತೀರಿತು. ಆದರೆ ಪರೀಕ್ಷೆ, ಪದವಿ, ಕಾಯಿದೆಗಳ ಕಟ್ಟೂ ಬಂದಿತು. 2004ರಲ್ಲಿ ಅಲ್ಲಿನ ವಸ್ತುಸಂಗ್ರಹಾಲಯದಿಂದ ಕವಿಯ ನೊಬೆಲ್ ಪದಕವೇ ಕಳವಾದುದು, ಕಾಪಾಡುವ ಹೊಣೆಯು ಸಂಪಾದನೆಗಿಂತ ಹಗುರವಾದುದಲ್ಲವೆಂಬುದನ್ನು ತೋರಿಸಿತು. 2023ನೆಯ ಸೆಪ್ಟೆಂಬರ್ 17ರಂದು ಶಾಂತಿನಿಕೇತನವು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಉಪಸಂಹಾರ

ಈ ಚರಿತ್ರೆಯನ್ನು ಸಮಗ್ರವಾಗಿ ನೋಡಿದರೆ, ಮೊದಲು ಕೇಳಿದ ಪ್ರಶ್ನೆಗಳಿಗೆ ಉತ್ತರವು ತಾನಾಗಿಯೇ ಹೊಳೆಯುವುದು. ವಿದ್ವಾಂಸರ ಆಗಮನ, ಗೀತ, ಪ್ರದರ್ಶನ ಇವು ಅಲಂಕಾರವಾಗುವುದು, ಅವುಗಳನ್ನು ನೋಡಿ ಕೈತಟ್ಟಿ ಮನೆಗೆ ಹೋಗುವವರಿಗೆ. ಅಕ್ಷರ ತಿದ್ದಲು ಕುಳಿತ ವಿಧುಶೇಖರ ಶಾಸ್ತ್ರಿಗಳಂಥವರು ಇದ್ದೆಡೆ ಅವು ಜೀವವಾಗುತ್ತವೆ. ಅತಿಥಿಗೆ ಕೊಡಲು ಮನೆಯಲ್ಲಿ ಏನಾದರೂ ಇದ್ದರೆ ಮಾತ್ರ ಅತಿಥಿಯಿಂದ ಕೊಳ್ಳುವುದಕ್ಕೆ ಬೆಲೆ. ತನ್ನ ಶಾಸ್ತ್ರವನ್ನು ಆಳವಾಗಿ ಬಲ್ಲವನೇ ಪರಶಾಸ್ತ್ರದಿಂದ ಲಾಭವನ್ನು ಪಡೆದನು. ಕಾಣಿಕೆಯೊಡನೆ ಮೌನವನ್ನು ಬೇಡಿದ ದಾತನನ್ನು ಬಿಟ್ಟುಕೊಟ್ಟುದರಿಂದ ಸಂಸ್ಥೆಯು ಬಡವಾಯಿತೇ ಹೊರತು ಸಣ್ಣದಾಗಲಿಲ್ಲ. ವೆಚ್ಚದ ಭಾರವನ್ನಾದರೋ, ಕೊನೆಗೆ ನಂಬಿದವರೇ ಹೊರಬೇಕಾಯಿತು.

ಹಳ್ಳಿಯ ಪಂಡಿತರೊಬ್ಬರು ತೆರೆಯಬಯಸಿದ್ದುದು ತಮ್ಮ ಊರಿನ ಹುಡುಗರಿಗಾಗಿ ಒಂದು ಪಾಠಶಾಲೆಯನ್ನು. ಅದು ಆ ಊರಿನಲ್ಲಿ ನಡೆಯದೆ, ಸಪ್ತಪರ್ಣದ ನೆರಳಿಗೆ ಬಂದು, ಪ್ಯಾರಿಸ್, ಪ್ರಾಹಾ, ಚೀನ, ಮಣಿಪುರಗಳಿಂದ ಬಂದವರಿಗೆ ಎಡೆಕೊಟ್ಟಿತು. ಜಗಲಿಯು ಕಿರಿದೆಂದು ಯಾವ ಪಾಠಶಾಲೆಯೂ ಕುಗ್ಗಬೇಕಾದುದಿಲ್ಲ. ಕಲಿಯುವವರು ಕುಳಿತಿರಲಿ, ಬಾಗಿಲು ತೆರೆದಿರಲಿ, ದೀಪದಲ್ಲಿ ಎಣ್ಣೆಯಿರಲಿ. ಬರಬೇಕಾದವರು ದಾರಿಯನ್ನು ಕೇಳಿಕೊಂಡು ಬಂದೇ ಬರುವರು.